ಬೆಳ್ಳಿ ಸೌಟಿನ ಸಾರು

"ಅಮ್ಮ, ಕಂಪ್ಯೂಟರ್ ಸೈನ್ಸ್ ಓದುವುದಕ್ಕೆ ಅಷ್ಟೊಂದು ದುಡ್ಡು ಸುರಿಯಬೇಕೇ?" ಎಂದು ವಾರಿಜಾ ಕೇಳಿದಳು.

ಕಾಮಾಕ್ಷಮ್ಮ ಅವಳಿಗೆ ಮದುವೆಯ ಅಡುಗೆ ಕಲಿಸುವ ಗುರು. ತಮ್ಮದೇ ಛತ್ರದ ಹಿಂದಿನ ಅಡುಗೆಮನೆಯಲ್ಲಿ ಕೂತು, ಬೆಲ್ಲ ಕಟ್ಟಿ ಬಂದಿದ್ದ ಹಳೆಯ ಪತ್ರಿಕೆಯ ಹಾಳೆಯನ್ನು ಬಿಡಿಸಿ ಓದುತ್ತಿದ್ದರು. ಅವರು ಅಕ್ಷರ ಕಲಿತದ್ದೇ ಇಂಥ ಹಾಳೆಗಳಲ್ಲಿ. ಬೆಲ್ಲ ಅಂಟಿ ಅಕ್ಷರ ಅಳಿಸಿಹೋದ ಕಡೆ ಏನಿದ್ದಿರಬಹುದು ಎಂದು ತಾವೇ ಊಹಿಸಿಕೊಳ್ಳುತ್ತಿದ್ದರು. ಎಷ್ಟೋ ಸಲ ಸುದ್ದಿಗಿಂತ ಊಹೆಯೇ ಚೆನ್ನಾಗಿರುತ್ತಿತ್ತು.

"ಸುರಿಯುವವರು ಯಾರು?" ಎಂದು ಅವರು ಹಾಳೆಯಿಂದ ತಲೆಯೆತ್ತದೆ ಕೇಳಿದರು.

"ಅಪ್ಪ. ಮನೆ ಕಟ್ಟಲು ಇಟ್ಟುಕೊಂಡಿದ್ದ ಸೈಟು ಮಾರುತ್ತಾರಂತೆ. ಆ ಕಾಲೇಜಿನ ಕಾಗದ ಇಲ್ಲದಿದ್ದರೆ ಯಾವ ಕಂಪನಿಯವರೂ ಗೇಟಿನ ಒಳಗೆ ಬಿಡುವುದಿಲ್ಲ ಎನ್ನುತ್ತಾರೆ. ಮಾವ ಅದನ್ನು ಕೇಳಿ ನಗುತ್ತಾರೆ. ಅಲ್ಲಿ ಕಲಿಸುವುದೆಲ್ಲ ಫೋನಿನಲ್ಲಿ ಪುಕ್ಕಟೆ ಸಿಗುತ್ತದೆ, ಸೈಟು ಮಾರುವವನಷ್ಟು ದಡ್ಡ ಇಲ್ಲ ಎನ್ನುತ್ತಾರೆ. ಸಂಜೆಯೊಳಗೆ ನಾನು ಹೂಂ ಅನ್ನಬೇಕು, ಇಲ್ಲ ಊಹೂಂ ಅನ್ನಬೇಕು."

"ಏನನ್ನುತ್ತೀ?"

"ಊಹೂಂ ಅನ್ನೋಣ ಅಂತ. ಪುಕ್ಕಟೆ ಸಿಗುವುದಕ್ಕೆ ಸೈಟು ಯಾಕೆ ಹೋಗಬೇಕು? ನಿಮ್ಮನ್ನೇ ನೋಡಿ. ನೀವು ಯಾವ ಕಾಲೇಜಿಗೆ ಹೋಗಿದ್ದಿರಿ?"

ವಾರಿಜಾ ಪಿಯುಸಿ ಮುಗಿಸಿ ರಜೆಯಲ್ಲಿ ಕೆಲಸ ಕಲಿಯಲು ಬಂದವಳು. ಕಂಪ್ಯೂಟರಿನ ಕೆಲಸವನ್ನು ಫೋನು ನೋಡಿಕೊಂಡೇ ಅಷ್ಟಿಷ್ಟು ಕಲಿತಿದ್ದಳು. ಇಷ್ಟು ಎಲೆಗೆ ಇಷ್ಟು ಸಾಮಾನು ಎಂದು ಹೇಳುವ ಒಂದು ಪ್ರೋಗ್ರಾಮನ್ನು ಅಡುಗೆಮನೆಗೆ ಬರೆದುಕೊಟ್ಟಿದ್ದಳು. ಅದು ಚೆನ್ನಾಗಿಯೇ ಹೇಳುತ್ತಿತ್ತು. ಒಂದು ಮದುವೆಗೆ ಮಾತ್ರ ಒಂದು ಮೂಟೆ ಇಂಗು ಬೇಕು ಎಂದಿತು. ಅಂದಿನಿಂದ ಪಾತ್ರೆ ತೊಳೆಯುವವರು ಕೂಡ ಅವಳನ್ನು ಇಂಗಮ್ಮ ಎಂದು ಕರೆಯುತ್ತಿದ್ದರು. ಅದೇ ವಾರ ಊರಿನ ಬ್ಯಾಂಕಿನಲ್ಲಿ ಕಂಪ್ಯೂಟರು ಕೆಟ್ಟು ಯಾರಿಗೂ ದುಡ್ಡು ಸಿಕ್ಕಿರಲಿಲ್ಲ. ಅದನ್ನು ಮಾಡಿದವರಿಗೆ ಯಾರೂ ಅಡ್ಡಹೆಸರು ಇಡಲಿಲ್ಲ. ಸರ್ವರ್ ಡೌನ್ ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಮನೆಗೆ ಹೋಗಿದ್ದರು.

ಆ ಪ್ರೋಗ್ರಾಮಿಗೂ ಕಾಮಾಕ್ಷಮ್ಮನಿಗೂ ಒಂದೇ ಒಂದು ವಿಷಯದಲ್ಲಿ ಜಗಳ. ಎಲೆ ಎಷ್ಟೇ ಇರಲಿ, ಕಾಮಾಕ್ಷಮ್ಮ ಸಾರಿಗೆ ಎರಡು ಕೊಪ್ಪರಿಗೆ ಇಡಿಸುತ್ತಿದ್ದರು. ಒಂದೇ ಸಾಕು ಎಂದು ಪ್ರೋಗ್ರಾಮು ಹೇಳುತ್ತಿತ್ತು. ಅವರು ಕೇಳುತ್ತಿರಲಿಲ್ಲ. ಎರಡನೆಯ ಕೊಪ್ಪರಿಗೆಯ ಸಾರು ಪಂಕ್ತಿಗೆ ಹೋಗದೆ ಉಳಿದು ಪಕ್ಕದ ಹಾಸ್ಟೆಲಿನ ಮಕ್ಕಳ ಪಾಲಾಗುತ್ತಿತ್ತು. ಇವತ್ತೂ ಒಲೆಯ ಮೇಲೆ ಎರಡು ಕುದಿಯುತ್ತಿದ್ದವು.

ಕಾಮಾಕ್ಷಮ್ಮ ಹಾಳೆಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಒಂದು ಕತೆ ಹೇಳುತ್ತೇನೆ. ಕೊತ್ತಂಬರಿ ಬಿಡಿಸುತ್ತ ಕೇಳು. ಕೈ ನಿಲ್ಲಬಾರದು," ಎಂದರು.

ಒಂದೂರಿನಲ್ಲಿ ಒಬ್ಬ ಹೆಂಗಸಿದ್ದಳು. ಮದುವೆಯ ಅಡುಗೆ ಅವಳಿಂದ ಆಗದು ಎಂದು ಮೊದಲು ಹೇಳಿದವನು ಅವಳ ಭಾವ. ಮನೆಯಲ್ಲಿ ನಾಲ್ಕು ಜನಕ್ಕೆ ಬೇಯಿಸುವವಳು ಊರಿಗೆಲ್ಲ ಬೇಯಿಸುತ್ತೇನೆ ಎಂದರೆ ಅದು ಸೊಕ್ಕು ಎಂದನು. ಆಮೇಲೆ ಹೇಳಿದವನು ಊರ ಹಿರಿಯ. ಕೊಪ್ಪರಿಗೆ ಎತ್ತುವುದಕ್ಕೆ ಗಂಡಸರ ತೋಳು ಬೇಕು ಎಂದನು. ಅವನು ತಾನು ಕುಡಿದ ಲೋಟವನ್ನೂ ಎತ್ತಿಟ್ಟವನಲ್ಲ. ಅತ್ತೆ ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಸೊಸೆ ಒಲೆಯ ಮುಂದೆ ಕೂತಾಗಲೆಲ್ಲ ಉಪ್ಪಿನ ಮರಿಗೆಯನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಳ್ಳುತ್ತಿದ್ದಳು. ಅಷ್ಟೇ.

ಅವಳ ಗಂಡ ಒಳ್ಳೆಯವನು. ಕೆಲಸ ಮಾತ್ರ ಮಾಡುತ್ತಿರಲಿಲ್ಲ. ಹಾಗಾಗಿ ಅವಳು, ಗಂಡ, ಅತ್ತೆ, ಮೂವರೂ ಭಾವನ ಮನೆಯ ಅನ್ನ ಉಣ್ಣುತ್ತಿದ್ದರು. ಭಾವ ಅದನ್ನು ಊಟಕ್ಕೆ ಮೊದಲು ಒಂದು ಸಲ, ಊಟವಾದ ಮೇಲೆ ಒಂದು ಸಲ ನೆನಪಿಸುತ್ತಿದ್ದ.

ಅವಳಿಗೆ ಕಲಿಸಿದವರು ಯಾರೂ ಇಲ್ಲ. ಊರಿನ ಮದುವೆಗಳಲ್ಲಿ ಮಸಾಲೆ ರುಬ್ಬಲು ಹೋಗುತ್ತಿದ್ದಳು. ರುಬ್ಬುತ್ತ ರುಬ್ಬುತ್ತ ಬಾಣಸಿಗರ ಕೈ ನೋಡುತ್ತಿದ್ದಳು. ಮನೆಗೆ ಬಂದು ಅದನ್ನೇ ಸಣ್ಣ ಪಾತ್ರೆಯಲ್ಲಿ ಮಾಡಿ ನೋಡುತ್ತಿದ್ದಳು. ಕೆಟ್ಟರೆ ತಾನೇ ತಿನ್ನುತ್ತಿದ್ದಳು. ಬಹಳ ದಿನ ಅವಳೊಬ್ಬಳೇ ತಿಂದಳು. ಕೊನೆಗೆ ಮೂಗುಬೊಟ್ಟು ಕೊಟ್ಟು ಒಂದು ಸೊಟ್ಟ ಕೊಪ್ಪರಿಗೆ ಕೊಂಡಳು. ಅದನ್ನು ನೆಟ್ಟಗೆ ನಿಲ್ಲಿಸಲು ಒಂದು ಕಡೆ ಕಲ್ಲು ಕೊಡಬೇಕಾಗಿತ್ತು.

ಅದೇ ಊರಿನಲ್ಲಿ ಒಬ್ಬ ವ್ಯಾಪಾರಿಯಿದ್ದ. ಅವನಿಗೆ ಒಬ್ಬ ಮಗ. ರಾಜಧಾನಿಯಲ್ಲಿ ಒಂದು ದೊಡ್ಡ ಪಾಕಶಾಲೆಯಿತ್ತು. ಅರಮನೆಯಲ್ಲಿ ಅಡುಗೆ ಮಾಡಿದ್ದವರು ಅಲ್ಲಿ ಕಲಿಸುತ್ತಿದ್ದರು. ಅಲ್ಲಿಯ ಶುಲ್ಕ ಎಷ್ಟೆಂದು ನಿಂತುಕೊಂಡು ಕೇಳಿದವರು ಉತ್ತರ ಬರುವಷ್ಟರಲ್ಲಿ ಕೂತುಬಿಡುತ್ತಿದ್ದರು. ವ್ಯಾಪಾರಿ ತನ್ನ ಎರಡು ಅಂಗಡಿಗಳಲ್ಲಿ ಒಂದನ್ನು ಮಾರಿ ಮಗನನ್ನು ಸೇರಿಸಿದ. ಅಲ್ಲಿ ಮೊದಲ ವರ್ಷ ಬೆಂಕಿಯ ಚರಿತ್ರೆ ಹೇಳಿಕೊಡುತ್ತಿದ್ದರು. ಎರಡನೆಯ ವರ್ಷ ಹೊಗೆಯ ಬಗೆಗಳು. ಆಮೇಲೆ ಒಲೆಯ ಹತ್ತಿರ ಬಿಡುತ್ತಿದ್ದರು. ಕಲಿತು ಮುಗಿಸಿದವರಿಗೆ ಒಂದು ಬೆಳ್ಳಿ ಸೌಟು ಕೊಟ್ಟು ಕಳಿಸುತ್ತಿದ್ದರು.

"ಆ ಹುಡುಗನಿಗೆ ಒಲೆ ಹಚ್ಚಲು ಬರಲಿಲ್ಲ, ಅಲ್ಲವೇ ಅಮ್ಮ?" ಎಂದು ವಾರಿಜಾ ನಕ್ಕಳು.

"ಬರುತ್ತಿತ್ತು. ಅವನು ಚೆನ್ನಾಗಿಯೇ ಕಲಿತು ಬಂದಿದ್ದ. ಬಾರದೆ ಇದ್ದಿದ್ದರೆ ಕತೆ ಇಲ್ಲಿಗೇ ಮುಗಿಯುತ್ತಿತ್ತು. ನಿನ್ನ ಮಾವನಿಗೂ ಸಂತೋಷವಾಗುತ್ತಿತ್ತು."

ಮದುವೆಯ ಅಡುಗೆಯಲ್ಲಿ ಒಂದು ಕಷ್ಟವಿದೆ, ನಿನಗೂ ಗೊತ್ತು. ದೇವರ ಎಲೆಗೆ ಬಡಿಸುವವರೆಗೆ ಯಾರೂ ರುಚಿ ನೋಡುವಂತಿಲ್ಲ. ಉಪ್ಪನ್ನು ಕಣ್ಣಳತೆ, ಕೈಯಳತೆಯಲ್ಲೇ ಹಾಕಬೇಕು. ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ತಿಳಿಯಲೆಂದು ಆ ಊರಿನ ಅಡುಗೆಯವರು ಒಂದು ಗುರುತು ಮಾಡಿಕೊಂಡಿದ್ದರು. ಉಪ್ಪು ಬಿದ್ದ ಪಾತ್ರೆಯ ಮುಚ್ಚಳದ ಮೇಲೆ ಒಂದು ಕರಿಬೇವಿನ ಎಸಳು ಇಡುತ್ತಿದ್ದರು. ಎಸಳಿದ್ದರೆ ಉಪ್ಪಿದೆ. ಎಸಳಿಲ್ಲದಿದ್ದರೆ ಉಪ್ಪಿಲ್ಲ.

ಊರ ಗೌಡನ ಮಗಳ ಮದುವೆಯ ಅಡುಗೆ ಬೆಳ್ಳಿ ಸೌಟಿನವನಿಗೆ ಬಂತು. ಅವನು ಸಾರಿಗೆ ಉಪ್ಪು ಹಾಕಿದ. ಎಸಳಿಟ್ಟ. ಪಾಯಸ ನೋಡಲು ಹೋದ. ಗೌಡನ ಮನೆಯ ಒಬ್ಬ ಮುದುಕಿ ಆ ಕಡೆ ಬಂದಳು. ಇಷ್ಟು ಒಳ್ಳೆಯ ಕರಿಬೇವು ಮುಚ್ಚಳದ ಮೇಲೆ ಬಾಡುತ್ತಿದೆ, ಈಗಿನವರಿಗೆ ಸಾಮಾನಿನ ಬೆಲೆಯೇ ಗೊತ್ತಿಲ್ಲ ಎಂದುಕೊಂಡು ಅದನ್ನೆತ್ತಿ ತನ್ನ ಮಜ್ಜಿಗೆಗೆ ಹಾಕಿಕೊಂಡು ಹೋದಳು. ಆಮೇಲೆ ಬಂದ ಸಹಾಯಕನಿಗೆ ಬರಿ ಮುಚ್ಚಳ ಕಂಡಿತು. ಅವನು ಇನ್ನೊಂದು ಸಲ ಉಪ್ಪು ಹಾಕಿದ. ಅವನೂ ಒಂದು ಎಸಳಿಟ್ಟ.

ದೇವರ ಎಲೆಗೆ ಬಡಿಸಿದರು. ದೇವರು ಏನೂ ಹೇಳಲಿಲ್ಲ. ಮೊದಲ ಪಂಕ್ತಿ ಕೂತಿತು.

ಊರ ಹಿರಿಯ ಅನ್ನಕ್ಕೆ ಸಾರು ಕಲಸಿ ಒಂದು ತುತ್ತು ಬಾಯಿಗಿಟ್ಟ. ಅವನ ಹುಬ್ಬು ಮೇಲೆ ಹೋಗಿ ಅಲ್ಲೇ ನಿಂತಿತು. ಕಣ್ಣಲ್ಲಿ ನೀರು ಬಂತು. ಉಗಿಯಬೇಕೆಂದು ಪಕ್ಕಕ್ಕೆ ತಿರುಗಿದ. ಪಕ್ಕದಲ್ಲಿ ಬಡಿಸುವವನ ಕೈಯಲ್ಲಿ ಬೆಳ್ಳಿ ಸೌಟು ಹೊಳೆಯುತ್ತಿತ್ತು. ನುಂಗಿದ.

"ಇದು ಅರಮನೆಯ ಹದ," ಎಂದ. "ರಾಜರು ಕುದುರೆ ಏರುವವರು, ಬೆವರುವವರು. ಅವರ ಮೈಗೆ ಉಪ್ಪು ಹೆಚ್ಚು ಬೇಕು. ಸಾಧಾರಣ ನಾಲಿಗೆಗೆ ಇದು ತಿಳಿಯುವುದಿಲ್ಲ."

ಸಾಧಾರಣ ನಾಲಿಗೆ ಎನಿಸಿಕೊಳ್ಳಲು ಪಂಕ್ತಿಯಲ್ಲಿ ಯಾರಿಗೂ ಮನಸ್ಸಿರಲಿಲ್ಲ. ಎಲ್ಲರೂ ಎರಡನೆಯ ಸಲ ಸಾರು ಕೇಳಿ ಹಾಕಿಸಿಕೊಂಡರು. ವ್ಯಾಪಾರಿಗೆ ಕೆಮ್ಮು ಬಂದು ಮುಖ ಕೆಂಪಾಯಿತು. ಆದರೂ ಅವನು, "ಮಾರಿದ ಅಂಗಡಿ ಒಂದೊಂದು ತುತ್ತಿನಲ್ಲೂ ಗೊತ್ತಾಗುತ್ತಿದೆ ನೋಡಿ," ಎಂದ. ಅಷ್ಟು ಕೊಟ್ಟವನು ಬೇರೇನು ಹೇಳಬೇಕು? ಆ ಮಧ್ಯಾಹ್ನ ಗೌಡನ ಮನೆಯ ಬಾವಿಯಲ್ಲಿ ಬಿಂದಿಗೆ ತಳಕ್ಕೆ ತಾಗಿ ಸದ್ದಾಯಿತು.

ಮಸಾಲೆ ರುಬ್ಬಲು ಹೋಗಿದ್ದ ಆ ಹೆಂಗಸು ಕೊನೆಯ ಪಂಕ್ತಿಯಲ್ಲಿ ಕೂತು ಉಂಡಳು. "ಉಪ್ಪು ಎರಡು ಸಲ ಬಿದ್ದಿದೆ," ಎಂದಳು. ಹೊಟ್ಟೆಕಿಚ್ಚಿಗೆ ಅವಳ ನಾಲಿಗೆ ಕೆಟ್ಟಿದೆ ಎಂದು ಅಕ್ಕಪಕ್ಕದವರು ಹೇಳಿದರು. ಹೇಳುತ್ತ ಅವರೂ ನೀರು ಕುಡಿಯುತ್ತಿದ್ದರು.

ಒಂದು ತಿಂಗಳಲ್ಲಿ ಊರಿನ ಮನೆಮನೆಯಲ್ಲೂ ಅರಮನೆ ಸಾರು ಕುದಿಯತೊಡಗಿತು. ಗಂಡಂದಿರು ಎಲೆಯ ಮುಂದೆ ಕೂತು ಕಣ್ಣೀರಿಟ್ಟು ಹೊಗಳಿದರು. ಅತ್ತೆಯರು ಸೊಸೆಯರ ಸಾರನ್ನು ನಾಲಿಗೆಗೆ ಮುಟ್ಟಿಸಿ, ಬಾಯಿ ಉರಿದರೆ ಮೆಚ್ಚಿದರು, ಉರಿಯದಿದ್ದರೆ ತವರುಮನೆಯಲ್ಲಿ ಏನು ಕಲಿಸಿದರು ಎಂದು ಕೇಳಿದರು. ಉಪ್ಪು ಮಾರುವವನು ಮನೆಗೆ ಹೊಸ ಹೆಂಚು ಹಾಕಿಸಿದ.

ಆಮೇಲೆ ಒಬ್ಬ ನೇಕಾರನ ಮಗಳ ಮದುವೆ ಬಂತು. ಬೆಳ್ಳಿ ಸೌಟಿನವನು ಆ ಹೊತ್ತಿಗೆ ಬೇರೆ ಊರಿನ ಅಡುಗೆ ಒಪ್ಪಿಕೊಂಡಿದ್ದ. ನೇಕಾರ ಸುತ್ತಲೂ ಕೇಳಿ ನೋಡಿದ. ಯಾರೂ ಸಿಗಲಿಲ್ಲ. ಕೊನೆಗೆ ಆ ಹೆಂಗಸಿನ ಬಳಿ ಬಂದ. "ಗತಿಯಿಲ್ಲದೆ ಬಂದಿದ್ದೇನೆ ತಾಯಿ," ಎಂದು ಬಾಗಿಲಲ್ಲೇ ಹೇಳಿದ. ಅವನು ಸುಳ್ಳು ಹೇಳುವವನಲ್ಲ.

ಅವಳು ಒಪ್ಪಿಕೊಂಡಳು. ಆ ಸಂಜೆ ಭಾವ ಅವಳನ್ನು ಕರೆದು ನಿಲ್ಲಿಸಿಕೊಂಡ.

"ಇದೊಂದು ಸಲ ನೋಡುತ್ತೇನಮ್ಮ. ಪಂಕ್ತಿಯಲ್ಲಿ ಒಬ್ಬರು ಎಲೆ ಬಿಟ್ಟು ಎದ್ದರೂ ಆ ಸೊಟ್ಟ ಕೊಪ್ಪರಿಗೆ ಕಂಚುಗಾರನ ಅಂಗಡಿಗೆ ಹೋಗುತ್ತದೆ. ನೀನು ಮನೆಯಲ್ಲಿ ಮುಸುರೆ ತಿಕ್ಕಿಕೊಂಡು ಬಿದ್ದಿರಬೇಕು. ಮತ್ತೆ ಈ ಮಾತು ಬರಬಾರದು."

"ಯಾರೂ ಏಳದಿದ್ದರೆ?" ಎಂದು ಅವಳು ಕೇಳಿದಳು.

ಅದನ್ನು ಅವನು ಯೋಚಿಸಿರಲಿಲ್ಲ. "ಏಳುತ್ತಾರೆ ಬಿಡು," ಎಂದ.

ಮದುವೆಯ ದಿನ ಬಂತು. ಊರ ಹಿರಿಯ ಬೆಳಿಗ್ಗೆಯೇ ಬಂದು ಕೂತ. ಅವನಿಗೆ ಅಲ್ಲಿ ಎರಡು ಕೆಲಸವಿತ್ತು. ಒಂದು, ಉಣ್ಣುವುದು. ಇನ್ನೊಂದು, ನಾನು ಅಂದೇ ಹೇಳಿದ್ದೆ ಎನ್ನುವುದು.

ಅವಳು ಹೊತ್ತಿಗೆ ಸರಿಯಾಗಿ ಎಲ್ಲವನ್ನೂ ಇಳಿಸಿದಳು. ಪಲ್ಯವಾಯಿತು, ಹುಳಿಯಾಯಿತು, ಹೋಳಿಗೆಯಾಯಿತು. ಸಾರಿಗೆ ತನ್ನ ಕೈಯಾರೆ ಉಪ್ಪು ಹಾಕಿದಳು. ಮುಚ್ಚಳದ ಮೇಲೆ ಎಸಳಿಟ್ಟಳು. ಮುದುಕಿಯರು ಎತ್ತಿಕೊಂಡು ಹೋಗಬಾರದೆಂದು ಎಸಳಿನ ಮೇಲೆ ಒಂದು ಕಲ್ಲನ್ನೂ ಇಟ್ಟಳು. ಆಮೇಲೆ ತುಪ್ಪ ಕಾಯಿಸಲು ಹೋದಳು.

ಬಂದು ನೋಡಿದರೆ ಅತ್ತೆ ಕೊಪ್ಪರಿಗೆಯ ಬಳಿ ಕೈ ಒರೆಸಿಕೊಳ್ಳುತ್ತಿದ್ದಾಳೆ. ಎಸಳು ಇದ್ದಲ್ಲೇ ಇದೆ. ಅದರ ಮೇಲೆ ಕಲ್ಲೂ ಇದೆ.

"ಹೆದರಬೇಡ ಕಣೇ," ಎಂದಳು ಅತ್ತೆ. "ಸಾರಿಗೆ ನಾನು ಉಪ್ಪು ಹಾಕಿದ್ದೇನೆ."

"ಎಸಳು ಕಾಣಲಿಲ್ಲವೇ ಅತ್ತೆ?"

"ಕಂಡಿತು. ಎಸಳು ಇಟ್ಟವಳು ನೀನು. ನಿನ್ನ ಎಸಳನ್ನು ನಂಬಿಕೊ ಅಂತೀಯಾ?"

ಹೊರಗೆ ಎಲೆ ಹಾಕಿ ಕೋಸಂಬರಿ, ಹೋಳಿಗೆ ಬಡಿಸಿ ಆಗಿತ್ತು. ಜನ ಕೂರುತ್ತಿದ್ದರು. ದೇವರ ಎಲೆಗೆ ಸಾರು ಮಾತ್ರ ಇನ್ನೂ ಬಡಿಸಿರಲಿಲ್ಲ.

ಆ ಹೆಂಗಸು ಕೊಪ್ಪರಿಗೆಯ ಮುಂದೆ ನಿಂತಳು. ನೀರು ಬೆರೆಸಬಹುದಿತ್ತು. ಆದರೆ ಅದು ಕಂಠದವರೆಗೆ ತುಂಬಿತ್ತು. ಅರ್ಧ ತೆಗೆದು ಅರ್ಧ ನೀರು ಹೊಯ್ದರೆ ಉಪ್ಪು ಸರಿಹೋಗುತ್ತದೆ, ಸಾರು ತೆಳ್ಳಗಾಗುತ್ತದೆ. ಬೆಳ್ಳಿ ಸೌಟಿನಿಂದ ಬಡಿಸಿದರೆ ಅದನ್ನು ತಿಳಿಸಾರು ಎನ್ನುತ್ತಾರೆ. ಅವಳ ಮರದ ಸೌಟಿನಿಂದ ಬಡಿಸಿದರೆ ನೀರು ಎನ್ನುತ್ತಾರೆ. ಹಾಗೆಯೇ ಬಡಿಸಬಹುದಿತ್ತು. ಅರಮನೆಯ ಹದ ಎನ್ನಬಹುದಿತ್ತು. ಅರಮನೆ ಎಂಬ ಮಾತು ಅವಳ ಬಾಯಲ್ಲಿ ಬಂದರೆ ಊರು ನಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಅವಳು ಕೊಪ್ಪರಿಗೆಯ ಕೆಳಗೆ ಕೊಟ್ಟಿದ್ದ ಕಲ್ಲನ್ನು ಕಾಲಿನಿಂದ ಒದ್ದಳು. ಸೊಟ್ಟ ಕೊಪ್ಪರಿಗೆ ತಾನಾಗಿ ಪಕ್ಕಕ್ಕೆ ವಾಲಿತು. ಮದುವೆಯ ಸಾರೆಲ್ಲ ಹಿತ್ತಲಿನ ಕಾಲುವೆಗೆ ಹರಿಯಿತು.

ಅತ್ತೆ ಎದೆ ಹಿಡಿದುಕೊಂಡಳು. "ಅಯ್ಯೋ ಮಾರಾಯ್ತಿ, ಪಂಕ್ತಿ ಕೂತಿದೆಯಲ್ಲೇ."

"ಕೂತಿರಲಿ. ಬೇಳೆ ಬೇಯುವಷ್ಟು ಹೊತ್ತು ಅವರು ಎಲೆಗೆ ಕೈ ಹಾಕಬಾರದು. ಅತ್ತೆ, ನೀವು ಹೋಗಿ ಬೀಗರ ಹಾಡು ಶುರು ಮಾಡಿ."

ಬೀಗರ ಹಾಡು ಎಂದರೆ ಹೆಣ್ಣಿನ ಕಡೆಯ ಹೆಂಗಸರು ಗಂಡಿನ ಕಡೆಯವರನ್ನು ಹಾಡಿನಲ್ಲೇ ಬಯ್ಯುವುದು, ಅವರು ಹಾಡಿನಲ್ಲೇ ತಿರುಗಿ ಬಯ್ಯುವುದು. ಹಾಡು ನಡೆಯುತ್ತಿರುವಾಗ ಯಾರು ಮೊದಲು ಎಲೆಗೆ ಕೈ ಹಾಕುತ್ತಾರೋ ಅವರ ಕಡೆ ಸೋತಂತೆ ಎಂಬುದು ಆ ಊರಿನ ರೂಢಿ. ಅತ್ತೆಯ ನಾಲಿಗೆಯನ್ನು ಆ ಹೆಂಗಸು ಬಹಳ ವರ್ಷಗಳಿಂದ ಬಲ್ಲವಳು. ಅದಕ್ಕೆ ಸರಿಯಾದ ಕೆಲಸ ಸಿಕ್ಕಿದ್ದು ಅವತ್ತೇ.

ಅತ್ತೆ ಸೆರಗು ಬಿಗಿದು ಪಂಕ್ತಿಯ ನಡುವೆ ನಿಂತಳು.

"ಬೀಗರು ಬಂದರು ಬಂಡಿಯ ತುಂಬ, ಎತ್ತಿಗೆ ಹತ್ತಿತು ಏದುಸಿರು," ಎಂದು ಎತ್ತಿಕೊಂಡಳು.

ಗಂಡಿನ ಕಡೆಯ ಹೆಂಗಸರೂ ಸೆರಗು ಸಿಕ್ಕಿಸಿಕೊಂಡರು. ಆಮೇಲೆ ಗಂಡಿನ ಸೋದರತ್ತೆ ಎದ್ದಳು. "ಹೆಣ್ಣಿನ ಮನೆಯ ಹೋಳಿಗೆ ನೋಡಿ, ಆಚೆ ಬೀದಿ ಕಾಣುತದೆ," ಎಂದಳು.

ಅಲ್ಲಿಂದ ಮುಂದೆ ಯಾರನ್ನೂ ಯಾರೂ ಹಿಡಿಯುವಂತಿರಲಿಲ್ಲ. ಮದುಮಗನ ಮೂಗು ಬಂತು, ಮದುಮಗಳ ಚಿಕ್ಕಪ್ಪನ ಬೋಳುತಲೆ ಬಂತು, ಉಡುಗೊರೆಯ ಪಂಚೆಯಲ್ಲಿದ್ದ ತೂತು ಬಂತು. ಊರ ಹಿರಿಯನಿಗೆ ಹಸಿವು. ಅವನ ಕೈ ಮೆಲ್ಲಗೆ ಕೋಸಂಬರಿಯ ಕಡೆ ಹೋಯಿತು. ಎರಡೂ ಕಡೆಯ ಹೆಂಗಸರು ಹಾಡು ನಿಲ್ಲಿಸದೆ ಅವನನ್ನೇ ನೋಡಿದರು. ಕೈ ತಿರುಗಿ ಮಡಿಲಿಗೆ ಬಂತು.

ಹಿತ್ತಲಿನಲ್ಲಿ ಆ ಹೆಂಗಸು ಕೊಪ್ಪರಿಗೆ ತೊಳೆದು, ಕಲ್ಲು ಕೊಟ್ಟು, ಹೊಸ ನೀರಿಟ್ಟಳು. ಬೇಳೆ ಬೆಂದಿತು. ಹುಣಿಸೆಹಣ್ಣು ಕಿವುಚಿದಳು, ಪುಡಿ ಹಾಕಿದಳು, ಒಗ್ಗರಣೆ ಕೊಟ್ಟಳು. ಉಪ್ಪು ಒಂದೇ ಸಲ ಬಿತ್ತು. ಈ ಸಲ ಅವಳು ಎಸಳಿಡಲಿಲ್ಲ. ಮುಚ್ಚಳದ ಮೇಲೆ ತಾನೇ ಕೈಯಿಟ್ಟುಕೊಂಡು ನಿಂತಳು. ದೇವರ ಎಲೆಗೆ ಬಡಿಸಿ ಬಂದ ಮೇಲೆ ಅತ್ತೆಗೆ ಕಣ್ಸನ್ನೆ ಮಾಡಿದಳು. ಅತ್ತೆಗೆ ಇನ್ನೂ ನಿಲ್ಲಿಸುವ ಮನಸ್ಸಿರಲಿಲ್ಲ. ಎರಡನೆಯ ಸಲ ಸನ್ನೆ ಮಾಡಬೇಕಾಯಿತು.

ಹಿರಿಯ ಸಾರನ್ನದ ಮೊದಲ ತುತ್ತು ಬಾಯಿಗಿಟ್ಟ. ಭಾವ ಕಂಬದ ಬಳಿ ನಿಂತು ಅವನ ಮುಖ ನೋಡುತ್ತಿದ್ದ. ಆ ಹೆಂಗಸು ಬಾಗಿಲ ಹಿಂದೆ ನಿಂತು ನೋಡುತ್ತಿದ್ದಳು. ಹಿರಿಯ ಅಗಿದ. ನುಂಗಿದ. ಹುಬ್ಬು ಮೇಲೆ ಹೋಗಲಿಲ್ಲ.

"ಉಪ್ಪು ಒಂದು ಕಲ್ಲು ಮುಂದಿರಬೇಕಿತ್ತು," ಎಂದ. ಇನ್ನೊಂದು ತುತ್ತು ಕಲಸಿದ. "ಪರವಾಗಿಲ್ಲ."

ಅವಳು ಬದುಕಿನಲ್ಲಿ ಅಲ್ಲಿಯವರೆಗೆ ಕೇಳಿದ್ದ ಅತಿ ದೊಡ್ಡ ಹೊಗಳಿಕೆ ಅದು. ಯಾರೂ ಎಲೆ ಬಿಟ್ಟು ಏಳಲಿಲ್ಲ. ಹಿರಿಯನಂತೂ ಮೂರು ಸಲ ಸಾರು ಹಾಕಿಸಿಕೊಂಡ. ನೀರು ಕೇಳಲಿಲ್ಲ. ಯಾಕೆ ಕೇಳಲಿಲ್ಲ ಎಂದು ಅವನಿಗೇ ತಿಳಿಯಲಿಲ್ಲ. ಭಾವ ಊಟ ಮಾಡಿ, ಕೈ ಚೆನ್ನಾಗಿ ತೊಳೆದುಕೊಂಡು ಮನೆಗೆ ಹೋದ. ಚೆಲ್ಲಿದ ಬೇಳೆಯನ್ನು ಅವಳು ತನ್ನ ಕೂಲಿಯಲ್ಲಿ ಮುರಿದುಕೊಂಡಳು. ಬೇಳೆಯ ಬೆಲೆ ಕಳೆದ ಮೇಲೆ ಕೂಲಿಯೆಂದು ಉಳಿದದ್ದು ಎಲೆ ಅಡಿಕೆ ಮಾತ್ರ.

ಬೆಳ್ಳಿ ಸೌಟಿನವನು ಬೇರೆ ಊರಿನ ಕೆಲಸ ಬೇಗ ಮುಗಿಸಿ ಆ ಮದುವೆಗೆ ಬಂದಿದ್ದ. ಉಣ್ಣಲು ಕೂರುವ ಮೊದಲು ಹಿತ್ತಲಿಗೆ ಬಂದ. ಕಾಲುವೆಯಲ್ಲಿ ಸಾರು ನಿಂತಿರುವುದನ್ನು ಕಂಡ. ಬಗ್ಗಿ ಬೆರಳಿಗೆ ತಾಗಿಸಿ ನಾಲಿಗೆಯ ತುದಿಗೆ ಮುಟ್ಟಿಸಿಕೊಂಡ. ಬಾಣಸಿಗನಿಗೆ ಅಷ್ಟು ಸಾಕು.

"ಯಾಕೆ ಚೆಲ್ಲಿದಿರಿ ಅಕ್ಕ?" ಎಂದು ಕೇಳಿದ. "ನನಗೂ ಹೀಗೇ ಆಗಿತ್ತು. ಸಹಾಯಕನೂ ಉಪ್ಪು ಹಾಕಿದ್ದಾನೆಂದು ಬಡಿಸುವ ಮೊದಲೇ ತಿಳಿಯಿತು. ನಾನು ಬಡಿಸಿದೆ."

"ನಿನ್ನ ಕೈಯಲ್ಲಿ ಬೆಳ್ಳಿಯಿತ್ತಪ್ಪ," ಎಂದಳು ಅವಳು.

ಅವನು ಒರಳಿನ ಮೇಲೆ ಕೂತ. "ಆ ದಿನ ನಾನು ಬಾಗಿಲ ಹಿಂದೆ ನಿಂತಿದ್ದೆ. ಎಲ್ಲರೂ ಎದ್ದುಹೋಗುತ್ತಾರೆ ಅಂದುಕೊಂಡೆ. ಒಬ್ಬರೂ ಏಳಲಿಲ್ಲ. ಮುಂದಿನ ಮದುವೆಯಲ್ಲಿ ಉಪ್ಪು ಸರಿಯಾಗಿ ಹಾಕಿದೆ. ಪಂಕ್ತಿಯೇ ಗಲಾಟೆ ಮಾಡಿತು. ಅರಮನೆ ಸಾರು ಎಲ್ಲಿ ಅಂದರು. ಅಪ್ಪ ಅಡುಗೆಮನೆಗೆ ಬಂದು, ಅಂಗಡಿ ಮಾರಿ ಕಲಿಸಿದ್ದು ಇದಕ್ಕೇನೋ ಅಂದರು. ಅಂದಿನಿಂದ ನಾನು ಹೋದ ಕಡೆಯೆಲ್ಲ ಎರಡು ಸಲ ಉಪ್ಪು ಹಾಕುತ್ತಿದ್ದೇನೆ ಅಕ್ಕ. ನನ್ನ ಸಾರನ್ನು ನಾನೇ ಉಣ್ಣಲಾರೆ."

ಅವಳು ಕೊಪ್ಪರಿಗೆಯ ಮುಚ್ಚಳ ತೆಗೆದು ಸೌಟು ಆಡಿಸಿದಳು.

"ನಿಮ್ಮ ಸಾರು ಒಂದು ಲೋಟ ಕೊಡಿ," ಎಂದ ಅವನು. "ಹೊರಗೆ ಬೇಡ. ಇಲ್ಲೇ ಕುಡಿಯುತ್ತೇನೆ."

ಅವಳು ಕೊಟ್ಟಳು. ಅವನು ಗೋಡೆಯ ಕಡೆ ಮುಖ ಮಾಡಿಕೊಂಡು ಕುಡಿದ. ಇನ್ನೊಂದು ಲೋಟ ಕೇಳಿದ. ಆಮೇಲೆ ಬೆಳ್ಳಿ ಸೌಟನ್ನು ಪಂಚೆಯ ಅಂಚಿಗೆ ಒರೆಸಿಕೊಂಡು, ಗಂಟಲು ಸರಿಮಾಡಿಕೊಂಡು, ಹೊರಗೆ ಹೋಗಿ ಪಂಕ್ತಿಯಲ್ಲಿ ಕೂತ. ಅವನ ಎಲೆಗೆ ಸಾರು ಬಡಿಸಿದಾಗ, ಎಲ್ಲರೂ ನೋಡುತ್ತಿದ್ದರೆಂದು, ಉಪ್ಪು ಸ್ವಲ್ಪ ಸಾಲದು ಎಂದ.

ಕಾಮಾಕ್ಷಮ್ಮ ಕತೆ ನಿಲ್ಲಿಸಿದರು. ಒಲೆಯ ಉರಿಯನ್ನು ಸ್ವಲ್ಪ ಹಿಂದಕ್ಕೆಳೆದರು.

ವಾರಿಜಾ ನಗುತ್ತಿದ್ದಳು. ಆಮೇಲೆ ನಗು ನಿಂತಿತು. "ಹಾಗಾದರೆ ಸೌಟಿಗೆ ಕೊಟ್ಟ ದುಡ್ಡು ಸಾರ್ಥಕವೋ, ದಂಡವೋ?" ಎಂದು ಕೇಳಿದಳು.

"ಆ ಸೌಟನ್ನು ನೋಡಿ ನಗಬೇಡ. ಅದನ್ನು ಹಿಡಿದವರು ತಪ್ಪಿದರೆ ಊರು ತಡೆದುಕೊಳ್ಳುತ್ತದೆ. ಕಲಿಯುವವರಿಗೆ ಅದು ಸಣ್ಣ ಸಂಗತಿಯಲ್ಲ. ತಡೆದುಕೊಂಡಾಗ ತಪ್ಪನ್ನು ತಿದ್ದಿಕೊಳ್ಳಬೇಕೋ, ಅದನ್ನೇ ಆಯುಷ್ಯವೆಲ್ಲ ಬಡಿಸಿಕೊಂಡಿರಬೇಕೋ, ಅದು ಹಿಡಿದವರಿಗೆ ಬಿಟ್ಟದ್ದು."

ವಾರಿಜಾ ಒಂದು ಕಟ್ಟು ಮುಗಿಸಿ ಇನ್ನೊಂದನ್ನು ಎಳೆದುಕೊಂಡಳು. ಅವಳಿಗೆ ಇನ್ನೂ ಸಮಾಧಾನವಾಗಿರಲಿಲ್ಲ.

"ಆದರೂ ಆ ಹೆಂಗಸೇ ಗೆದ್ದಳಲ್ಲ ಅಮ್ಮ. ಅವಳ ಮನೆಯವರು ಅಂಗಡಿ ಮಾರಲಿಲ್ಲ, ಸೈಟು ಮಾರಲಿಲ್ಲ. ಅವಳಿಗೆ ವಿದ್ಯೆ ಪುಕ್ಕಟೆ ಬಂತು."

"ಈ ಛತ್ರ ಅವಳದು, ಇಲ್ಲಿರುವ ಕೊಪ್ಪರಿಗೆಗಳೆಲ್ಲ ಅವಳವು," ಎಂದರು ಕಾಮಾಕ್ಷಮ್ಮ, "ನಿಮ್ಮಪ್ಪ ಕಟ್ಟುವ ಶುಲ್ಕಕ್ಕೆ ಕೊನೆಯ ಕಂತು ಎಂಬುದೊಂದು ಇರುತ್ತದೆ, ಅವಳದಕ್ಕೆ ಇಲ್ಲ, ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ಆ ಕಂತು ಇವತ್ತೂ ಒಲೆಯ ಮೇಲೆ ಕುದಿಯುತ್ತಿದೆ."

ವಾರಿಜಾ ಎರಡನೆಯ ಕೊಪ್ಪರಿಗೆಯ ಕಡೆ ನೋಡಿದಳು. ಅವಳ ಕೈ ನಿಂತಿತ್ತು.